ಅರಮನೆಯ ಪಾಲಿನ ರಾಗಿ

"ನಮ್ಮಲ್ಲಿ ಆಳು ಮುದುಕನಾದರೆ ಬೇಡಿ ತಿನ್ನಬೇಕಾಗಿಲ್ಲ," ಎಂದು ಕೆಂಗೋಟೆಯ ದೊರೆ ಕಾಟನಾಯಕ ಬಂದ ನೆಂಟರೆದುರಿಗೆಲ್ಲ ಮೀಸೆ ತಿರುವುತ್ತಿದ್ದ. "ಪ್ರತಿಯೊಬ್ಬನಿಗೂ ನೆಲದಲ್ಲಿ ಒಂದು ಹಗೇವು ತೋಡಿಸಿದ್ದೇವೆ. ಸಂಬಳದ ರಾಗಿಯಲ್ಲಿ ಅವನು ತಿಂಗಳಿಗೊಂದು ಕೊಳಗ ಹಾಕಿದರೆ ಅರಮನೆಯೂ ಒಂದು ಕೊಳಗ ಹಾಕುತ್ತದೆ. ಕೈಲಾಗದ ಕಾಲಕ್ಕೆ ತೆಗೆದು ಉಣ್ಣಲಿ!"

ನೆಂಟರು ತಲೆದೂಗಿ, ಊಟ ಮಾಡಿ ಹೋಗುತ್ತಿದ್ದರು. ಹಗೇವಿನ ಬಾಯಿ ತೆರೆಸಿ ನೋಡಿದ ನೆಂಟ ಒಬ್ಬನೂ ಇರಲಿಲ್ಲ.

ಪಲ್ಲಕ್ಕಿ ಹೊರುವ ಮಲಿಯಪ್ಪನ ಹೆಗಲು ಸೋತಿತು. ಅವನ ಹಗೇವು ತೆರೆದರೆ ರಾಗಿ ಅರ್ಧಕ್ಕೇ ನಿಂತಿತ್ತು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಇನ್ನು ಸಾಯುವ ತನಕ ಅವನ ಊಟ ಅಂದರೆ ಅದೇ. ಸಭೆಗೆ ಬಂದು ದೊರೆಗೆ ಕೈಮುಗಿದ.

"ಒಡೆಯಾ, ನಾನು ಹಾಕಿದ್ದು ಐತೆ. ಅರಮನೆ ಹಾಕಿದ್ದು ಕಾಣ್ತಿಲ್ಲ."

"ಹಾಕುತ್ತೇನೆ ಎಂದು ಹೇಳಿಲ್ಲವೇನೋ?"

"ಹೇಳಿದ್ರಿ ಬುದ್ಧಿ."

"ನಾಯಕ ಹೇಳಿದ ಮೇಲೆ ಹಾಕಿದ ಹಾಗೆಯೇ. ಹೋಗು."

ಮುದುಕ ಹೋದ. ಸಭೆಯಲ್ಲಿದ್ದ ಪಂಡಿತರು ತಮ್ಮ ತಮ್ಮ ಓಲೆಗರಿ ತಿರುವುತ್ತ ಕೂತರು. ನನ್ನನ್ನು ಕೇಳಿದರೆ, ಅಷ್ಟೊಂದು ಪಂಡಿತರಿಗೆ ಅನ್ನ ಹಾಕಿದ್ದೇ ದಂಡ. ವಿದೂಷಕ ಜಕ್ಕಪ್ಪ ಮಾತ್ರ, "ಎಂಥ ಒಳ್ಳೆಯ ಪದ್ಧತಿ ಪ್ರಭು! ಎಲ್ಲರೂ ಕಲಿಯಬೇಕು," ಎಂದ. ದೊರೆಗೆ ಖುಷಿಯಾಯಿತು.

ಮುಂದಿನ ವಾರ ದೊರೆಯ ಮೈದುನನ ಮದುವೆ. ಹಿಂದಿನ ದಿನ ಮಳೆ ಹೊಯ್ದು ಎರೆಹೊಲದ ದಾರಿಯೆಲ್ಲ ಕೆಸರಾಗಿತ್ತು. ಜರತಾರಿ ಉಟ್ಟ ದೊರೆ ಪಲ್ಲಕ್ಕಿಯಲ್ಲಿ, ಪಂಚೆ ಎತ್ತಿಕಟ್ಟಿದ ಜಕ್ಕಪ್ಪ ಪಕ್ಕದಲ್ಲಿ. ಅರ್ಧ ದಾರಿಗೆ ಬಂದದ್ದೇ, ಹೊರುವವರು ಪಲ್ಲಕ್ಕಿಯನ್ನು ಕೆಸರಿನಲ್ಲೇ ಇಳಿಸಿ ಎಲೆಯಡಿಕೆ ಚೀಲ ಬಿಚ್ಚಿದರು.

"ಯಾಕ್ರೋ ನಿಲ್ಲಿಸಿದಿರಿ?"

"ಮುಟ್ಟಿದೆವಲ್ಲ ಪ್ರಭು," ಎಂದ ಜಕ್ಕಪ್ಪ. "ಮದುವೆ ಮನೆ. ಇಳಿಯಿರಿ."

"ಎಲ್ಲಿದೆಯೋ ಮದುವೆ ಮನೆ?"

"ಅರ್ಧ ದಾರಿ ಹೆಗಲ ಮೇಲೆ ತಂದರು. ಉಳಿದರ್ಧ ತರುತ್ತೇವೆ ಎಂದು ಹೇಳಿದ್ದಾರೆ. ಹೇಳಿದ ಮೇಲೆ ತಂದ ಹಾಗೆಯೇ."

ಮುಹೂರ್ತ ಹತ್ತಿರವಾಗುತ್ತಿತ್ತು. ದೊರೆ ಸಿಟ್ಟಿನಿಂದ ಒಂದು ಕಾಲು ಕೆಳಗಿಟ್ಟ. ಕಾಲು ವಾಪಸು ಬಂತು, ಮೆಟ್ಟಿದ್ದ ಚಡಾವು ಬರಲಿಲ್ಲ.

"ಆಯಿತು! ಮಲಿಯಪ್ಪನ ಹಗೇವು, ಎಲ್ಲರ ಹಗೇವು ತುಂಬಿಸಿ ಎಂದು ಹೇಳಿದ್ದೇನೆ. ಎತ್ತಿ ಪಲ್ಲಕ್ಕಿ!"

ಜಕ್ಕಪ್ಪ ಹೊರುವವರ ಕಡೆ ತಿರುಗಿದ. "ಎತ್ತಿದೀವಿ ಅಂತ ಹೇಳ್ರಪ್ಪಾ."

"ಎತ್ತಿದೀವಿ ಒಡೆಯಾ," ಎಂದರು ಅವರು, ಎಲೆಗೆ ಸುಣ್ಣ ಹಚ್ಚುತ್ತ.

ದೊರೆಗೆ ಮೊದಲು ಮೈಯೆಲ್ಲ ಉರಿಯಿತು, ಆಮೇಲೆ ತಡೆಯಲಾರದ ನಗು ಬಂತು. ಹಗೇವು ತುಂಬಿಸಲು ಮುದ್ರೆಯುಂಗುರ ಕೊಟ್ಟು, ಜೊತೆಗಿದ್ದ ಸವಾರನನ್ನು ಕೋಟೆಗೆ ಓಡಿಸಿದ. ಹೊತ್ತಿಳಿಯುವಾಗ ಸವಾರ ಮಲಿಯಪ್ಪನನ್ನೇ ಕುದುರೆಯ ಮೇಲೆ ಕೂರಿಸಿಕೊಂಡು ಬಂದ.

"ತುಂಬೈತೆ," ಎಂದ ಮುದುಕ. ಅವನ ಕಣ್ಣೂ ತುಂಬಿತ್ತು.

ಆಗ ಪಲ್ಲಕ್ಕಿ ಎದ್ದಿತು. ಮುಹೂರ್ತ ತಪ್ಪಿತ್ತು, ಊಟ ಸಿಕ್ಕಿತು.

ಎಲೆಯ ಮುಂದೆ ಕೂತ ದೊರೆ, "ಮೆಚ್ಚಿದ್ದೇನೆ ಕಣೋ ಜಕ್ಕಪ್ಪ. ಏನು ಕೊಡಲಿ, ಕೇಳು," ಎಂದ.

"ಏನಾದರೂ ಸರಿ ಪ್ರಭು," ಎಂದ ಜಕ್ಕಪ್ಪ, "ಕಣ್ಣಿಗೆ ಕಾಣುವಂಥದ್ದು."