ಮಲ್ಲಿಗೆ ವಿಮಾನದ ಮಸಿ

ಒಂದು ಬಯಲಲ್ಲಿ ವಿಮಾನ ಹಾರಿಸೋದು ಕಲಿಸೋ ಶಾಲೆ ಇತ್ತು. ದೊಡ್ಡ ದೊಡ್ಡ ವಿಮಾನ ಅಂದ್ಕೋಬೇಡಿ ಮತ್ತೆ, ಇಬ್ಬರು ಕೂತ್ರೆ ತುಂಬಿಹೋಗೋ ಪುಟಾಣಿ ವಿಮಾನ, ಮೂತಿಗೆ ಒಂದೇ ಫ್ಯಾನು. ಅಂಥವು ಎರಡು. ಒಂದು ಹಳೇದು, ಇನ್ನೊಂದು ಬಿಳೀದು. ಬಿಳೀದಕ್ಕೆ ಅಲ್ಲಿ ಕೆಲಸಕ್ಕಿದ್ದ ಶಿವಲಿಂಗು ಅನ್ನೋನು ಮಲ್ಲಿಗೆ ಅಂತ ಹೆಸರಿಟ್ಟಿದ್ದ. ಎರಡನ್ನೂ ತೊಳೆದು ಒರೆಸೋ ಕೆಲಸ ಅವನದ್ದು.

ಆಕಾಶದಲ್ಲಿ ಹಾರೋದನ್ನ ಒರೆಸೋದೇನು ಅಂತೀರಾ? ಇಳಿದು ಬಂದಾಗ ಅದರ ಹೊಟ್ಟೆ ನೋಡ್ಬೇಕು ನೀವು. ಇಂಜಿನ್ ಆಯಿಲ್ಲು ಗಾಳಿಗೆ ಹಿಂದಕ್ಕೆ ಹರಿದು ಗೆರೆಗೆರೆ, ಅದರ ಮೇಲೆ ಹೊಗೆ ಕೂತು ಹಂಚಿನ ತಳದ ಥರ ಕರ್ರಗೆ. ಶಿವಲಿಂಗು ಗೋಣಿಚೀಲ ಹಾಸ್ಕೊಂಡು ಕೆಳಗೆ ಅಂಗಾತ ಮಲಗ್ತಿದ್ದ. ಮೊದ್ಲು ಸೀಮೆಎಣ್ಣೆ ಬಟ್ಟೆ, ಆಮೇಲೆ ಸೋಪಿನ ನೀರು, ಆಮೇಲೆ ಹಳೇ ಬನಿಯನ್ ತುಂಡು. ಕಪ್ಪು ನೀರು ಮೊಣಕೈವರೆಗೂ ಇಳೀತಿತ್ತು. ಎದ್ದು ನಿಂತಾಗ ವಿಮಾನ ಬೆಳ್ಳಗೆ, ಇವನು ಕರ್ರಗೆ.

ಮೆಕ್ಯಾನಿಕ್ ಇಲಿಯಾಸ್ ಮೊದಲ ದಿನವೇ ಹೇಳಿದ್ದ, "ನೋಡು ಲಿಂಗು, ಹೊಟ್ಟೆ ಕಪ್ಪಾಗೋದು ದಿನಾ ಇರೋದೇ, ಒರೆಸ್ಕೋ. ಆದ್ರೆ ಯಾವತ್ತೂ ಇಲ್ಲದ ಜಾಗದಲ್ಲಿ ಕಲೆ ಕಂಡ್ರೆ ಬಟ್ಟೆ ಮುಟ್ಟಿಸ್ಬೇಡ. ಮೊದ್ಲು ನನ್ನ ಕರಿ."

"ಕರೀತೀನಿ ಇಲಿಯಾಸಣ್ಣ," ಅಂದಿದ್ದ ಶಿವಲಿಂಗು.

ಹೀಗಿರುವಾಗ ಶಾಲೆ ಯಜಮಾನ್ರು ಬಂದು, ಗೇಟಿಗೆ ಹೊಸ ಬೋರ್ಡು ಮಾಡಿಸ್ತೀನಿ, ಅದರಲ್ಲಿ ಮಲ್ಲಿಗೆ ಹಾರ್ತಿರೋ ಫೋಟೋ ಹಾಕಿಸ್ತೀನಿ, ಭಾನುವಾರ ಫೋಟೋದವರು ಬರ್ತಾರೆ ಅಂದ್ರು. ಹಾರಿಸೋರು ಚಂಗಪ್ಪ ಸಾರು, ಅಲ್ಲಿ ಪಾಠ ಹೇಳೋರು. ಶಿವಲಿಂಗುಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ದಾರೀಲಿ ಹೋಗೋ ಬರೋರೆಲ್ಲ ನೋಡ್ತಾರಲ್ಲ, ಅವನು ಒರೆಸಿದ ವಿಮಾನಾನ.

ಆ ವಾರವೇ ಅವನಿಗೆ ಆ ಮಸಿ ಕಾಣಿಸಿದ್ದು. ಹೊಟ್ಟೆ ಮೇಲಲ್ಲ. ಮೂತಿ ಪಕ್ಕದಲ್ಲಿ, ಇಂಜಿನ್ ಮುಚ್ಚಳದ ಸಂದೀಲಿ, ಹೆಬ್ಬೆರಳಿನಷ್ಟು ಬೂದಿ ಬಣ್ಣದ ಮಸಿ. ಅಲ್ಲಿ ಯಾವತ್ತೂ ಏನೂ ಇರ್ತಿರಲಿಲ್ಲ.

ಶಿವಲಿಂಗು ನೋಡ್ತಾ ನಿಂತ. ಇಲಿಯಾಸಣ್ಣನ್ನ ಕರೆದ್ರೆ ಅವನು ಇಂಜಿನ್ ಬಿಚ್ಚಿಡ್ತಾನೆ. ಬಿಚ್ಚಿದ್ರೆ ಮಲ್ಲಿಗೆ ವಾರಗಟ್ಟಲೆ ಶೆಡ್ಡಲ್ಲಿ. ಬೋರ್ಡಿಗೆ ಹಳೇದರ ಫೋಟೋ. ಭಾನುವಾರ ಮುಗೀಲಿ, ಸೋಮವಾರ ಹೇಳಿದ್ರಾಯ್ತು ಅಂದ್ಕೊಂಡ. ಒರೆಸಿಬಿಟ್ಟ.

ಮಾರನೇ ದಿನ ಹಾರಿ ಬಂದ ಮೇಲೆ ಮಸಿ ಮತ್ತೆ ಅಲ್ಲೇ. ಇನ್ನೂ ಸ್ವಲ್ಪ ಅಗಲ. ಮತ್ತೆ ಒರೆಸಿದ. ಅವತ್ತು ಚಂಗಪ್ಪ ಸಾರು ಇಳಿದವರು ರೆಕ್ಕೆ ಹಿಡ್ಕೊಂಡು ನಿಂತ್ರು.

"ಯಾಕೋ ತಲೆ ಭಾರ ಕಣಯ್ಯ ಲಿಂಗು. ನಿನ್ನೇನೂ ಹೀಗೇ ಆಗಿತ್ತು."

"ಬಿಸಿಲು ಸಾರ್. ಮಜ್ಜಿಗೆ ಕುಡೀರಿ, ಸರಿಹೋಗುತ್ತೆ."

ಅವರು ನಕ್ಕು ಮಜ್ಜಿಗೆ ಕುಡಿದ್ರು. ತಲೆನೋವಿಗೂ ಮಸಿಗೂ ನಂಟಿದೆ ಅಂತ ಯಾರಿಗೆ ಹೊಳೀಬೇಕು? ಮಸಿ ನೋಡಿದ್ದವನು ಒಬ್ಬನೇ, ಅವನು ಅದನ್ನ ಒರೆಸಿ ಮುಚ್ಚಿಟ್ಟಿದ್ದ.

ಶನಿವಾರ ಇಲಿಯಾಸ್ ಬಂದ. "ಏನಪ್ಪಾ, ನಿನ್ನ ಮಲ್ಲಿಗೆಗೆ ಇಷ್ಟೊಂದು ಅಲಂಕಾರ? ಗಂಡಿನ ಕಡೆಯವರು ಬರ್ತಿದ್ದಾರಾ?"

"ಬೋರ್ಡಿಗೆ ಏರ್ತಾಳೆ ಅಣ್ಣ."

"ಏರ್ಲಿ, ಏರ್ಲಿ. ಎಲ್ಲಾದ್ರೂ ಹೊಸ ಕಲೆ?"

"ಒಂದು ಚುಕ್ಕೆ ಹುಡುಕಿ ಕೊಡಿ ನೋಡೋಣ."

ಇಲಿಯಾಸ್ ಸುತ್ತಲೂ ಬಗ್ಗಿ ನೋಡಿದ. ಚುಕ್ಕೆ ಎಲ್ಲಿರುತ್ತೆ? ಮೂತಿ ಪಕ್ಕದಲ್ಲಿ ಅವನ ಮುಖವೇ ಕಾಣ್ತಿತ್ತು.

ಭಾನುವಾರ ಮಲ್ಲಿಗೆ ಏರಿತು. ಎಷ್ಟು ಚೆಂದ ಗೊತ್ತಾ, ಮೋಡದ ಮುಂದೆ ಮೋಡಕ್ಕಿಂತ ಬೆಳ್ಳಗೆ. ಚಂಗಪ್ಪ ಸಾರು ಕೆಳಗೆ ಹಾರಿಸ್ಕೊಂಡು ಬಂದು ಕಿಟಕಿಯಿಂದ ಕೈ ಬೀಸಿದ್ರು. ಫೋಟೋದವರು ಟಕ್ಕಂತ ತೆಗೆದ್ರು. ಸಾಕು, ಇಳೀರಿ ಅಂತ ರೇಡಿಯೋದಲ್ಲಿ ಹೇಳಿದ್ರು. ಉತ್ತರ ಇಲ್ಲ. ವಿಮಾನ ಒಂದು ಸುತ್ತು ಹೊಡೀತು, ಇನ್ನೊಂದು ಸುತ್ತು. ಮತ್ತೆ ಕರೆದ್ರು. ಉತ್ತರ ಇಲ್ಲ. ನಿದ್ದೆಗಣ್ಣಲ್ಲಿ ನಡೆಯೋರ ಥರ ವಾಲ್ತಾ, ಇಳೀತಾ, ಜಾಲಿಮರಗಳ ಹಿಂದೆ ಹೋಯ್ತು. ಆಮೇಲೆ ಒಂದು ಸದ್ದು. ಎಲ್ಲರೂ ಓಡಿದ್ರು. ಓಡಿ ಏನೂ ಪ್ರಯೋಜನ ಆಗಲಿಲ್ಲ. ಚಂಗಪ್ಪ ಸಾರು ಹೋಗಿಬಿಟ್ಟಿದ್ರು.

ಇಲಿಯಾಸ್ ಮುರಿದ ಇಂಜಿನ್ ಬಿಚ್ಚಿದ. ಹೊಗೆ ಹೊರಗೆ ಹೋಗೋ ಕೊಳವೆ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಆ ವಿಷದ ಹೊಗೆ ಕೂರೋ ಜಾಗಕ್ಕೆ ನುಗ್ಗಿ, ಚಂಗಪ್ಪ ಸಾರಿಗೆ ಗೊತ್ತಾಗದ ಹಾಗೇ ಎಚ್ಚರ ತಪ್ಪಿಸಿತ್ತು.

"ಇದು ಇವತ್ತು ಬಿಟ್ಟ ಬಿರುಕಲ್ಲ," ಅಂದ ಇಲಿಯಾಸ್. "ಹೊರಗೆ ಮಸಿ ಬರ್ಲೇಬೇಕಿತ್ತು. ನಾನೇ ಬಗ್ಗಿ ನೋಡಿದ್ದೆ ಕಣೋ ಲಿಂಗು. ಏನೂ ಇರ್ಲಿಲ್ಲ."

ಶಿವಲಿಂಗು ತನ್ನ ಕೈ ನೋಡ್ಕೊಂಡ. ಉಗುರಿನ ಸಂದೀಲಿ ಇನ್ನೂ ಕಪ್ಪಿತ್ತು.

"ಇತ್ತು ಅಣ್ಣ. ಒರೆಸಿದ್ದೆ."

ಇಲಿಯಾಸ್ ಕೊಳವೆ ಕೆಳಗಿಟ್ಟು ಎದ್ದು ಹೋದ.

ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಒಂದು ಕಲೆ ಇಲ್ಲ, ಸಾರು ಕೈ ಬೀಸ್ತಿದ್ದಾರೆ. ಗೇಟಿಗೆ ಹಾಕಲಿಲ್ಲ. ಈಗ ಅದು ಶೆಡ್ಡಿನ ಗೋಡೆ ಮೇಲಿದೆ, ಗಂಧದ ಹಾರ ಹಾಕಿದ್ದಾರೆ. ಅದರ ಕೆಳಗೆ ಹಳೇ ವಿಮಾನ ನಿಲ್ಲುತ್ತೆ. ಅದು ಹಾರಿ ಬಂದಾಗೆಲ್ಲ ಶಿವಲಿಂಗು ಒಣ ಬಟ್ಟೆ ಕೈಲಿ ಹಿಡ್ಕೊಂಡು ಕಾಯ್ತಾ ನಿಂತಿರ್ತಾನೆ. ಇಲಿಯಾಸ್ ಬಂದು ನೋಡೋವರೆಗೂ ಮುಟ್ಟಲ್ಲ.

ನೀತಿ: ಕಲೆ ಒರೆಸಿದ್ರೆ ಕಲೆ ಹೋಗುತ್ತೆ, ಅದರ ಕಾರಣ ಹೋಗಲ್ಲ, ಒಳಗೇ ಬೆಳೆಯುತ್ತೆ. ಅಂದ ಕೆಡುತ್ತೆ ಅಂತ ತಪ್ಪನ್ನ ಮುಚ್ಚಬೇಡಿ. ಒರೆಸೋಕೆ ಮುಂಚೆ ತೋರಿಸಿ.