ಝುಂಬಾರಿ ರಸವೂ ಸುಣ್ಣ ಹಚ್ಚದ ವೀಳ್ಯವೂ

ಕೆಂಗಲ್ಲು ಅಂತ ಒಂದು ರಾಜ್ಯ. ಅಲ್ಲಿ ಬೊಮ್ಮರಸ ಅಂತ ಒಬ್ಬ ರಾಜ. ನಗಿಸುವ ಕಥೆ ಬೇಕು ಅನ್ನುವವರು ಈಗಲೇ ಎದ್ದು ಹೋಗಬಹುದು, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಉಳಿದವರು ಹತ್ತಿರ ಬನ್ನಿ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಬೆಳಗಾದರೆ ಅರಮನೆಯ ಅಡುಗೆಮನೆಯಿಂದ ಹೊಗೆ ಏಳಬೇಕು. ಆ ಹೊಗೆ ಕಂಡ ಮೇಲೆಯೇ ಊರಿನವರು ಒಲೆ ಹಚ್ಚಬೇಕು. ರಾಜನಿಗಿಂತ ಮೊದಲು ಉಂಡರೆ ಅಗೌರವ ಅಂತ ಯಾವ ಕಾಲದಲ್ಲಿ ಯಾರು ಹೇಳಿದ್ದರೋ, ಎಲ್ಲರೂ ಹಾಗೇ ನಡೆದುಕೊಂಡು ಬಂದಿದ್ದರು. ಮಕ್ಕಳು ಹಸಿವು ಅಂತ ಅತ್ತರೆ ತಾಯಂದಿರು ಕೋಟೆಯ ಕಡೆ ನೋಡಿ, "ತಡಿ ಮಗಾ, ಇನ್ನೂ ಹೊಗೆ ಎದ್ದಿಲ್ಲ" ಅನ್ನುತ್ತಿದ್ದರು. ಹೊಗೆ ದಿನಾ ಏಳುತ್ತಿತ್ತು. ಆದ್ದರಿಂದ ಆ ಪದ್ಧತಿಯಿಂದ ಯಾರಿಗೂ ಕೆಡುಕಾಗಿರಲಿಲ್ಲ.

ಅರಮನೆಯ ಒಲೆ ಹಚ್ಚುತ್ತಿದ್ದವಳು ತಿಪ್ಪವ್ವ. ರಾಜ ಹುಟ್ಟುವ ಮೊದಲಿಂದ ಆ ಅಡುಗೆಮನೆಯಲ್ಲೇ ಇದ್ದವಳು. ರಾಜನಿಗೆ ಮೊದಲ ತುತ್ತು ತಿನ್ನಿಸಿದವಳೂ ಅವಳೇ. ರಾಣಿ ತೀರಿಕೊಂಡ ಮೇಲೆ ರಾಜನ ಒಬ್ಬಳೇ ಮಗಳು ಮಲ್ಲಾಜಿಗೆ ತುತ್ತಿಡುತ್ತಿದ್ದವಳೂ ಅವಳೇ. ಮಲ್ಲಾಜಿಗೆ ಆಗ ಒಂಬತ್ತು ವರ್ಷ.

ಒಂದು ಮಳೆಗಾಲದಲ್ಲಿ ಮಲ್ಲಾಜಿಗೆ ಜ್ವರ ಬಂತು. ತಿಂಗಳು ಕಾಡಿ ಬಿಟ್ಟಿತು. ಜ್ವರ ಹೋಯಿತು, ಆದರೆ ಮಗುವಿನ ಮೈಯಲ್ಲಿ ತ್ರಾಣ ಉಳಿದಿರಲಿಲ್ಲ. ಊರ ಪಂಡಿತರು ಬಂದು ನಾಡಿ ನೋಡಿದರು.

"ಗಾಬರಿ ಬೇಡ. ಗಂಜಿ ಕೊಡಿ, ಬೇಳೆಕಟ್ಟು ಕೊಡಿ, ಸೊಪ್ಪು ಬೇಯಿಸಿ ಕೊಡಿ. ಎಳೆ ಬಿಸಿಲಲ್ಲಿ ಕೂರಿಸಿ. ಮೂರು ತಿಂಗಳಿಗೆ ಓಡಾಡುತ್ತಾಳೆ" ಅಂದರು.

"ಮೂರು ತಿಂಗಳೇ? ಬೇರೆ ಏನೂ ಇಲ್ಲವೇ?" ಅಂದ ರಾಜ.

"ಬೇರೆ ಏನೂ ಬೇಡ, ದೊರೆಗಳೇ" ಅಂದರು ಪಂಡಿತರು.

ರಾಜನಿಗೆ ಆ ಮಾತು ರುಚಿಸಲಿಲ್ಲ. ರಾಜಕುಮಾರಿಗೂ ಗಂಜಿ, ಕೂಲಿಯವನ ಮಗಳಿಗೂ ಗಂಜಿ ಅಂದರೆ ಹೇಗೆ? ತಾಯಿಯಿಲ್ಲದ ಮಗಳು. ಅವಳಿಗಾಗಿ ಏನಾದರೂ ದೊಡ್ಡದು ಮಾಡಬೇಕು ಅಂತ ಅವನ ಜೀವ ಒದ್ದಾಡುತ್ತಿತ್ತು. ಕಾಯುವುದು ಕೂಡ ಒಂದು ಕೆಲಸವೇ ಅಂತ ಅವನಿಗೆ ಹೊಳೆಯಲಿಲ್ಲ ನೋಡಿ.

ಆ ಹೊತ್ತಿಗೇ ಊರಿಗೆ ಒಬ್ಬ ವ್ಯಾಪಾರಿ ಬಂದ. ತಲೆಗೆ ಜರತಾರಿ ರುಮಾಲು. ಭುಜದ ಮೇಲೆ ನೀಲಿ ಕೆಂಪು ಬಣ್ಣದ ಒಂದು ಗಿಳಿ. ಹಿಂದೆ ಹನ್ನೆರಡು ಗಾಡಿ, ಗಾಡಿಯ ತುಂಬ ಮೇಣ ಹಚ್ಚಿ ಮುಚ್ಚಿದ ಸಣ್ಣ ಸಣ್ಣ ಕುಡಿಕೆ. ಊರವರು ಅವನಿಗೆ ಜರತಾರಿಯವನು ಅಂತಲೇ ಹೆಸರಿಟ್ಟರು.

"ಏಳು ಕಡಲಾಚೆ ಒಂದು ಮಳೆಕಾಡು" ಅಂತ ಶುರುಮಾಡಿದ ಜರತಾರಿಯವನು. "ಅಲ್ಲಿ ವರ್ಷವಿಡೀ ಮಳೆ. ಬಿಸಿಲು ನೆಲ ಮುಟ್ಟುವುದಿಲ್ಲ. ಆ ಕತ್ತಲಲ್ಲಿ ಬಿಡುವ ಹಣ್ಣೇ ಝುಂಬಾರಿ. ಅದನ್ನು ತಿಂದ ಜನ ಇನ್ನೂರು ವರ್ಷ ಬದುಕುತ್ತಾರೆ. ಮುಖಕ್ಕೆ ಕಾಂತಿ, ಮಂಡಿಗೆ ಬಲ, ಬೋಳು ತಲೆಗೆ ಕೂದಲು, ಬೊಚ್ಚು ಬಾಯಿಗೆ ಹಲ್ಲು!"

ಗಿಳಿ ರೆಕ್ಕೆ ಬಡಿದು ಕೂಗಿತು: "ಝುಂಬಾರಿ ಕುಡಿದವರಿಗೆ ಸಾವಿಲ್ಲ! ಝುಂಬಾರಿ ಕುಡಿದವರಿಗೆ ಸಾವಿಲ್ಲ!"

ಇನ್ನೂರು ವರ್ಷದವರನ್ನು ಒಬ್ಬರನ್ನಾದರೂ ಜೊತೆಗೆ ಕರೆತರಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಅಲ್ಲಿದ್ದವರು ಯಾರೂ ಕೇಳಲಿಲ್ಲ. ರಾಜ ಮಾತ್ರ ಒಂದೇ ಮಾತು ಕೇಳಿದ.

"ನನ್ನ ಮಗಳು ಎಷ್ಟು ದಿನಕ್ಕೆ ಏಳುತ್ತಾಳೆ?"

"ಇಪ್ಪತ್ತೊಂದು ದಿನ, ಪ್ರಭು. ಆದರೆ ಮೂರು ಪಥ್ಯ ಉಂಟು. ಒಂದು, ರಸ ಬಿಟ್ಟು ಮಗು ಬೇರೇನೂ ಮುಟ್ಟಬಾರದು. ಊರ ಅನ್ನ ತಾಗಿದರೆ ಕಾಡಿನ ಹಣ್ಣಿನ ಗುಣ ಓಡಿಹೋಗುತ್ತದೆ. ಎರಡು, ಅರಮನೆಯಲ್ಲಿ ಹೊಗೆ ಏಳಬಾರದು. ಮೂರು, ರಸ ಕುಡಿದ ಕೂಡಲೇ ವೀಳ್ಯ ಜಗಿಯಬೇಕು. ಇಲ್ಲದಿದ್ದರೆ ಅದು ಮೈಗೆ ಹತ್ತುವುದಿಲ್ಲ."

ರಾಜ ಅಡುಗೆಮನೆಯ ಒಲೆಗಳನ್ನೆಲ್ಲ ಒಡೆಸಿದ. ನಲವತ್ತು ವರ್ಷದಿಂದ ತಾನು ಸಾರಿಸಿ ರಂಗೋಲಿ ಇಟ್ಟ ಒಲೆಗೆ ಹಾರೆ ಬಿದ್ದಾಗ ತಿಪ್ಪವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಇನ್ನು ಅವಳಿಗೆ ಅಡುಗೆ ಕೆಲಸ ಇರಲಿಲ್ಲ. ವೀಳ್ಯ ಮಡಿಸಿ ಕೊಡುವ ಕೆಲಸ ಅವಳ ಪಾಲಿಗೆ ಬಂತು.

ಮಾರನೆಯ ಬೆಳಗ್ಗೆ ಹೊಗೆ ಏಳಲಿಲ್ಲ. ಊರಿನವರು ಕೋಟೆಯ ಕಡೆ ನೋಡಿದರು, ಕಾದರು, ಒಲೆ ಹಚ್ಚಲಿಲ್ಲ. ಜರತಾರಿಯವನು ಬೀದಿಬೀದಿಗೆ ಹೋದ. "ಹೇಗೂ ಒಲೆ ಹಚ್ಚುವುದಿಲ್ಲ, ರಾಗಿ ಇಟ್ಟುಕೊಂಡು ಏನು ಮಾಡುತ್ತೀರಿ? ಒಂದು ಮೂಟೆ ಕೊಡಿ, ಒಂದು ಕುಡಿಕೆ ತಗೊಳ್ಳಿ. ಅರಮನೆಯಲ್ಲಿ ಕುಡಿಯುವುದೇ ಇದು. ಕುಡಿದ ಮೇಲೆ ವೀಳ್ಯ ಮರೆಯಬೇಡಿ" ಅಂದ. ಜನ ನಾಮುಂದು ತಾಮುಂದು ಅಂತ ಕೊಂಡರು. ಬಸುರಿಯರು ಕುಡಿದರು, ಮುದುಕರು ಕುಡಿದರು. ಹಸಿವು ತಾಳದವರು ಬಾಗಿಲು ಹಾಕಿಕೊಂಡು ನೆನೆಸಿದ ಕಡಲೆಕಾಳು ತಿಂದರು, ಮಕ್ಕಳಿಗೂ ತಿನ್ನಿಸಿದರು, ತಿಂದು ನಾಚಿಕೊಂಡರು. ಗಾಡಿಗಳಲ್ಲಿ ಕುಡಿಕೆ ಇಳಿದಂತೆಲ್ಲ ರಾಗಿ ಏರಿತು.

ಮಲ್ಲಾಜಿ ದಿನಕ್ಕೆ ಮೂರು ಸಲ ರಸ ಕುಡಿದಳು. ಅದರಲ್ಲಿ ಜೇನು, ಮೆಣಸು, ಪಚ್ಚಕರ್ಪೂರ ಎಷ್ಟು ಬೆರೆತಿತ್ತೆಂದರೆ ಬೇರೆ ಯಾವ ರುಚಿಯೂ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಕುಡಿದು ಒಂದು ಚೂರು ವೀಳ್ಯ ಜಗಿಯುತ್ತಿದ್ದಳು. ತುಟಿ ಕೆಂಪಾಗುತ್ತಿತ್ತು.

"ನೋಡಿದಿರಾ, ಮಗುವಿಗೆ ಕೆಂಪು ಬಂತು!" ಅನ್ನುತ್ತಿದ್ದ ಜರತಾರಿಯವನು.

"ಹೌದು, ಬಂತು" ಅನ್ನುತ್ತಿದ್ದ ರಾಜ. ಅವನು ತುಟಿ ನೋಡುತ್ತಿದ್ದ. ತಿಪ್ಪವ್ವ ತೋಳು ನೋಡುತ್ತಿದ್ದಳು. ವಾರದ ಹಿಂದೆ ಬಿಗಿಯಾಗಿದ್ದ ಬಳೆ ಈಗ ಮೊಣಕೈವರೆಗೂ ಜಾರುತ್ತಿತ್ತು.

"ಅವ್ವಾ, ಹಸಿವು" ಅಂದಳು ಮಲ್ಲಾಜಿ ಮೆಲ್ಲಗೆ.

ಮೊದಲ ವಾರ ಮುಗಿದ ದಿನ ತಿಪ್ಪವ್ವ ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದು ರಾಜನ ಮುಂದೆ ಸುರಿದಳು. ಕೋಳಿಮೂಳೆ.

"ಬುದ್ಧಿ, ಇದು ಆ ಯಾಪಾರಿ ಬಿಡಾರದ ಹಿಂದೆ ಬಿದ್ದಿತ್ತು. ನಮ್ಮ ಮಗಾ ಉಪಾಸ, ಅವನು ಮಾತ್ರ ದಿನಾ ಉಣ್ತಾನೆ. ಒಂದು ತುತ್ತು ಗಂಜಿ ಕುಡಿಸ್ತೀನಿ, ಬೇಡ ಅನ್ಬ್ಯಾಡಿ."

ಜರತಾರಿಯವನು ನಕ್ಕ. "ಅದು ನನ್ನ ಗಾಡಿಯಾಳುಗಳು ತಿಂದದ್ದು, ಪ್ರಭು. ಅವರಿಗೇನು ಕಾಯಿಲೆಯೇ?"

ರಾಜ ನಂಬಿದ.

ಎರಡನೆಯ ವಾರ ಮುಗಿದ ದಿನ ತಿಪ್ಪವ್ವ ಒಂದು ಉಪಾಯ ಮಾಡಿದಳು. ಗಿಳಿಗೆ ಪೇರಲೆ ಹಣ್ಣಿನ ಆಸೆ ತೋರಿಸಿ ಹಿಡಿದು, ಸೀಗೆಕಾಯಿ ನೀರಲ್ಲಿ ಅದ್ದಿದಳು. ನೀಲಿ ಕರಗಿತು, ಕೆಂಪು ಕರಗಿತು. ನಮ್ಮ ಊರ ಹೊಲದಲ್ಲಿ ಜೋಳದ ತೆನೆ ಕಡಿಯುವ ಹಸಿರು ಗಿಳಿ, ಒದ್ದೆಯಾಗಿ ನಡುಗುತ್ತ ಕೂತಿತ್ತು.

"ನೋಡಿ ಬುದ್ಧಿ, ಗಿಳಿಯೇ ಈ ಸೀಮೇದು. ಹಣ್ಣು ಇನ್ನೆಲ್ಲೀದಾಗಿರ್ತದೆ?"

ಜರತಾರಿಯವನು ಕಣ್ಣಲ್ಲಿ ನೀರು ತಂದುಕೊಂಡ. "ಅಯ್ಯೋ, ಮಳೆಕಾಡಿನ ಪಕ್ಷಿ ಬೇರೆ ನಾಡಿನ ನೀರು ತಾಗಿದರೆ ಬಣ್ಣ ಕಳೆದುಕೊಳ್ಳುತ್ತದೆ. ಈ ಮುದುಕಿ ಅದರ ಬಾಳು ಹಾಳುಮಾಡಿದಳು!"

ರಾಜ ಅದನ್ನೂ ನಂಬಿದ. ಅವನು ಪೆದ್ದನಲ್ಲ. ನಂಬದೆ ಹೋದರೆ ಹದಿನಾಲ್ಕು ದಿನ ಮಗಳನ್ನು ತಾನೇ ಹಸಿವಿನಲ್ಲಿ ಕೆಡವಿದೆ ಅಂತ ಒಪ್ಪಬೇಕಾಗುತ್ತಿತ್ತು. ಅದಕ್ಕಿಂತ ನಂಬುವುದೇ ಅವನಿಗೆ ಸುಲಭವಾಗಿ ಕಂಡಿತು. "ಇನ್ನೊಂದು ಮಾತಾಡಿದರೆ ಕೋಟೆಯಿಂದಲೇ ಆಚೆ ಹಾಕಿಸುತ್ತೇನೆ" ಅಂತ ತಿಪ್ಪವ್ವನನ್ನೇ ಗದರಿದ.

ಮೂರನೆಯ ವಾರ ಮಲ್ಲಾಜಿ ಹಾಸಿಗೆಯಲ್ಲಿ ಹೊರಳುವುದನ್ನೂ ಬಿಟ್ಟಳು. ರಸ ಕಟಬಾಯಿಯಿಂದ ಇಳಿದು ದಿಂಬಿಗೆ ಬೀಳುತ್ತಿತ್ತು. ಇಪ್ಪತ್ತನೆಯ ದಿನ ತಿಪ್ಪವ್ವ ಆ ದಿಂಬಿನ ಬಟ್ಟೆ ಒಗೆಯಲು ಕೂತಳು. ಉಜ್ಜಿದಳು, ಬಡಿದಳು, ಹಿಂಡಿದಳು. ಕಲೆ ಹೋಗಲಿಲ್ಲ. ಆ ಕಲೆಯನ್ನು ಅವಳು ಮೊದಲೂ ನೋಡಿದ್ದಳು. ಎಷ್ಟೋ ವರ್ಷದ ಹಿಂದೆ ಇನ್ನೊಂದು ಮಗುವಿನ ಅಂಗಿಯಿಂದ ಅದನ್ನೇ ಉಜ್ಜಿ ಉಜ್ಜಿ ಅವಳ ಕೈ ಸೋತಿತ್ತು. ಆ ಮಗು ಈಗ ರಾಜನಾಗಿದ್ದ.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ಮಗುವಿನ ಹಾಸಿಗೆಯ ಪಕ್ಕ ರಾಜ ಕೂತಿದ್ದ, ಜರತಾರಿಯವನು ನಿಂತಿದ್ದ. "ಇವತ್ತು ಕಡೆಯ ದಿನ. ಮಗುವಿನ ಜೊತೆ ನಾವೂ ಒಂದೊಂದು ಗುಟುಕು ಕುಡಿಯೋಣ, ಪ್ರಭು" ಅಂದ. ಮೂವರೂ ಕುಡಿದರು. ತಿಪ್ಪವ್ವ ತಟ್ಟೆ ತಂದಳು. ಎಲೆ ಇತ್ತು, ಅಡಿಕೆ ಇತ್ತು, ಏಲಕ್ಕಿ ಇತ್ತು. ಅಂದು ಅವಳು ಎಲೆಗೆ ಸುಣ್ಣ ಮಾತ್ರ ಹಚ್ಚಿರಲಿಲ್ಲ. ವೀಳ್ಯ ಹಾಕುವವರಿಗೆ ಇದು ಗೊತ್ತು. ಸುಣ್ಣ ಇಲ್ಲದಿದ್ದರೆ ಎಷ್ಟು ಜಗಿದರೂ ಬಾಯಿ ಕೆಂಪಾಗುವುದಿಲ್ಲ.

ಜರತಾರಿಯವನು ಜಗಿದ. ಜಗಿಯುತ್ತ ಎಂದಿನಂತೆ ಝುಂಬಾರಿಯ ಗುಣಗಾನ ಮಾಡಿದ. ತಿಪ್ಪವ್ವ ಅವನ ಬಾಯಿ ನೋಡಿದಳು. ಆಮೇಲೆ ರಾಜನ ಮುಂದೆ ಬಂದು ಮೊಣಕಾಲೂರಿ ಕೂತಳು.

"ಬುದ್ಧಿ, ನಾಲಿಗೆ ತೋರ್ಸಿ."

ರಾಜ ಬೆಚ್ಚಿಬಿದ್ದ. ಆ ಮಾತು ಅವನು ಕೇಳಿ ಮೂವತ್ತು ವರ್ಷವಾಗಿತ್ತು. ಚಿಕ್ಕವನಿದ್ದಾಗ ಕೆರೆಯ ದಂಡೆಗೆ ಹೋಗಬೇಡ ಅಂದರೂ ಕದ್ದು ಹೋಗುತ್ತಿದ್ದ. ಹಿಂದಿರುಗಿದರೆ ಇದೇ ತಿಪ್ಪವ್ವ ಬಾಗಿಲಲ್ಲಿ ಅಡ್ಡ ನಿಂತು, "ನಾಲಿಗೆ ತೋರ್ಸು" ಅನ್ನುತ್ತಿದ್ದಳು. ನಾಲಿಗೆ ಎಲ್ಲ ಹೇಳಿಬಿಡುತ್ತಿತ್ತು.

ತಿಪ್ಪವ್ವ ಕನ್ನಡಿ ಹಿಡಿದಳು. ರಾಜ ನಾಲಿಗೆ ಚಾಚಿದ. ನೇರಳೆ ಬಣ್ಣ. ಜರತಾರಿಯವನ ಕಡೆ ತಿರುಗಿದ. ಅವನ ನಾಲಿಗೆ, ಹಲ್ಲು, ತುಟಿ ಎಲ್ಲ ನೇರಳೆ ಬಣ್ಣ. ಕೊನೆಗೆ ಮಗಳ ಗಲ್ಲ ಹಿಡಿದು ಬಾಯಿ ತೆರೆದು ನೋಡಿದ. ಅಲ್ಲೂ ಅದೇ ಬಣ್ಣ.

"ಇದು ಕೆರೆ ದಂಡೆಯ ನೇರಳೆ ಹಣ್ಣು" ಅಂದ ರಾಜ.

"ಹೂಂ ಬುದ್ಧಿ. ಹೋದ ಮುಂಗಾರಲ್ಲಿ ಯಾರೋ ಹಂದಿಗೆ ಅಂತ ಉದುರಿದ್ದನ್ನೆಲ್ಲ ಗುಡಿಸಿ ಮೂಟೆ ಕಟ್ಟಿಕೊಂಡು ಹೋಗಿದ್ರು. ಇವನ ಆಳುಗಳೇ ಇರಬೇಕು. ನೇರಳೆ ಕೆಟ್ಟದ್ದಲ್ಲ. ಮಕ್ಕಳು ತಿಂದು ಆಡ್ಕೊಂಡು ಇರ್ಲಿ. ಆದರೆ ಅದೊಂದನ್ನೇ ಕೊಟ್ಟು ಅನ್ನ ಕಿತ್ಕೊಂಡ್ರೆ ಯಾವ ಮಗು ಉಳೀತದೆ?"

ಎಲ್ಲದಕ್ಕೂ ಉತ್ತರ ಇದ್ದ ಜರತಾರಿಯವನು, ಬಾಯಿ ತೆರೆದರೆ ನಾಲಿಗೆ ಕಾಣುತ್ತದಲ್ಲ, ಬಾಯಿ ಮುಚ್ಚಿಕೊಂಡು ನಿಂತ. ರಾಜ ಕತ್ತಿಗೆ ಕೈ ಹಾಕಿದ.

"ಅದು ಆಮೇಲೆ ಬುದ್ಧಿ. ಮೊದಲು ಗಂಜಿ" ಅಂದಳು ತಿಪ್ಪವ್ವ.

ಕಾವಲಿನವರು ಜರತಾರಿಯವನನ್ನು ಎಳೆದುಕೊಂಡು ಹೋದರು. ಅರಮನೆಯಲ್ಲಿ ಒಂದಾದರೂ ಒಲೆ ಉಳಿದಿರಲಿಲ್ಲ. ತಿಪ್ಪವ್ವ ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿ, ಊದಿ ಊದಿ ಗಂಜಿ ಕಾಯಿಸಿದಳು. ಇದ್ದಿಲಿನ ಕೆಂಡ, ಹೊಗೆ ಏಳಲಿಲ್ಲ. ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಆರಿಸಿ ಒಂದು ಚಮಚ ಕೊಟ್ಟಳು.

"ಇದು ಅಮ್ಮನ ಹೆಸರಲ್ಲಿ." ಮಲ್ಲಾಜಿ ನುಂಗಿದಳು.

"ಇದು ಅಪ್ಪಾಜಿ ಹೆಸರಲ್ಲಿ." ಮಲ್ಲಾಜಿ ನುಂಗಿದಳು, ಅಪ್ಪನ ಕಡೆ ನೋಡಿ ಸ್ವಲ್ಪ ನಕ್ಕಳು.

"ಇದು ನನ್ನ ಹೆಸರಲ್ಲಿ, ನನ್ನವ್ವ."

"ನಾಳೆ ಕುಡಿತೀನಿ ಅವ್ವಾ" ಅಂದಳು ಮಲ್ಲಾಜಿ. ಕಣ್ಣು ಮುಚ್ಚಿದಳು.

ನಾಳೆ ಬರಲಿಲ್ಲ. ಮಧ್ಯಾಹ್ನ ಮುಗಿಯುವ ಮೊದಲೇ ಮಗುವಿನ ಉಸಿರು ನಿಂತಿತು. ಇಷ್ಟು ಹೊತ್ತು ಕೇಳಿದಿರಲ್ಲ, ನನಗೂ ಈ ಜಾಗದಲ್ಲಿ ಕಥೆ ಬದಲಾಯಿಸಬೇಕು ಅನ್ನಿಸುತ್ತದೆ. ಆದರೆ ಇಪ್ಪತ್ತೊಂದು ದಿನದ ಹಸಿವನ್ನು ಎರಡು ಚಮಚ ಗಂಜಿ ತುಂಬುವುದಿಲ್ಲ.

ಸಂಜೆ ಕೋಟೆಯ ಹಿಂದೆ ಚಿತೆ ಹೊತ್ತಿತು. ಹೊಗೆ ಎದ್ದಿತು, ಕೋಟೆಗೋಡೆ ದಾಟಿ ಮೇಲೆ ಹೋಯಿತು.

ಊರಿಗೆ ಇನ್ನೂ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಜನ ಹೊಗೆ ಕಂಡರು. "ಎದ್ದಿತು! ಅರಮನೆಯಲ್ಲಿ ಹೊಗೆ ಎದ್ದಿತು!" ಅಂತ ಒಬ್ಬರಿಗೊಬ್ಬರು ಕೂಗಿ ಹೇಳಿದರು. ಮನೆಮನೆಯಲ್ಲೂ ಒಲೆ ಹೊತ್ತಿತು. ಮಡಕೆಯ ತಳದಲ್ಲಿ ಉಳಿದಿದ್ದ ರಾಗಿಹಿಟ್ಟು ಎಸರಿಗೆ ಬಿತ್ತು. ಮಕ್ಕಳು ಬಾಯಿ ಸುಟ್ಟುಕೊಂಡು ಬಿಸಿ ಮುದ್ದೆ ನುಂಗಿದರು.

ರಾಜ ಚಿತೆಯ ಪಕ್ಕ ನಿಂತು ತಿರುಗಿ ನೋಡಿದ. ಊರಿನ ಮೇಲೆಲ್ಲ ಹೊಗೆ. ಅವನಿಗೆ ಅರ್ಥವಾಯಿತು. ತಡೆಯಬೇಕೇ ಅಂತ ಮಂತ್ರಿ ಕೇಳಿದ. "ಬೇಡ. ಉಣ್ಣಲಿ. ನನ್ನ ಮಗಳು ಬಡಿಸಿದ ಊಟ ಅದು" ಅಂದ ರಾಜ.

ಜರತಾರಿಯವನಿಗೆ ರಾಜ ಕತ್ತಿಯ ಶಿಕ್ಷೆ ಕೊಡಲಿಲ್ಲ. ಒಂದು ಕೋಣೆಗೆ ಹಾಕಿಸಿ, ಅವನದೇ ಕುಡಿಕೆಗಳನ್ನು ಮುಂದಿಡಿಸಿದ. "ಸಾವಿಲ್ಲದ ರಸ ತಾನೇ? ಕುಡಿ" ಅಂದ. ಮೊದಲ ದಿನ ಜರತಾರಿಯವನು ಕುಡಿದ. ಎರಡನೆಯ ದಿನ ಕುಡಿಕೆ ಒಡೆದು ಹಾಕಿದ. ಮೂರನೆಯ ದಿನ ಬಾಗಿಲು ಬಡಿದು, "ಒಂದು ಮುದ್ದೆ ಕೊಡಿ, ಎಲ್ಲ ಹೇಳುತ್ತೇನೆ" ಅಂತ ಅತ್ತ. ಊರೆಲ್ಲ ಸೇರಿದ ಕಡೆ ನಿಂತು ಹೇಳಿದ. ಏಳು ಕಡಲೂ ಇಲ್ಲ, ಮಳೆಕಾಡೂ ಇಲ್ಲ, ಝುಂಬಾರಿ ಅನ್ನುವ ಹೆಸರು ಗಾಡಿಯಲ್ಲಿ ಬರುತ್ತ ಕಟ್ಟಿದ್ದು. ವೀಳ್ಯದ ಪಥ್ಯ ನಾಲಿಗೆಯ ಬಣ್ಣ ಮುಚ್ಚುವುದಕ್ಕೆ. ಹೊಗೆಯ ಪಥ್ಯ ಊರಿನ ರಾಗಿಗೆ. ಅನ್ನದ ಪಥ್ಯ ಯಾಕೆ ಹಾಕಿದೆ ಅಂತ ಜನ ಕೇಳಿದಾಗ, "ಕಷ್ಟದ ಪಥ್ಯ ಇಲ್ಲದಿದ್ದರೆ ದೊಡ್ಡವರು ನಂಬುವುದಿಲ್ಲ" ಅಂದ.

ಅವನಿಗೆ ಮುದ್ದೆ ಒಯ್ದು ಕೊಟ್ಟವಳು ತಿಪ್ಪವ್ವ. "ನಿನ್ನ ಮೇಲೆ ಕರುಣೆ ಇಲ್ಲ ಕಣಯ್ಯಾ. ಹಸಿದವರಿಗೆ ಬಡಿಸೋದು ಬಿಟ್ರೆ ನನಗೆ ಬೇರೆ ಗೊತ್ತಿಲ್ಲ, ಅಷ್ಟೆ" ಅಂದಳು. ಆಮೇಲೆ ಅವನ ಗಾಡಿ, ರಾಗಿ, ಜರತಾರಿ ರುಮಾಲು ಎಲ್ಲ ಕಿತ್ತುಕೊಂಡು ಬರಿಗಾಲಲ್ಲಿ ಗಡಿ ದಾಟಿಸಿದರು.

ಗಿಳಿ ಮಾತ್ರ ಉಳಿಯಿತು. ಕೆರೆ ದಂಡೆಯ ನೇರಳೆ ಮರದಲ್ಲಿ ಕೂತು ಅದೇ ಮಾತು ಕೂಗುತ್ತಿತ್ತು. ಪಾಪ, ಕಲಿಸಿದ್ದನ್ನು ಮರೆಯುವುದು ಅದಕ್ಕೆ ಗೊತ್ತಿರಲಿಲ್ಲ. ಅದು ಕೂಗಿದಾಗಲೆಲ್ಲ ರಾಜ ಕಿಟಕಿ ಮುಚ್ಚಿಸುತ್ತಿದ್ದ.

ಅಂದಿನಿಂದ ಕೆಂಗಲ್ಲಿನಲ್ಲಿ ಹೊಗೆ ಕಾಯುವ ಪದ್ಧತಿ ನಿಂತುಹೋಯಿತು. ಹಸಿದಾಗ ಒಲೆ ಹಚ್ಚುತ್ತಾರೆ.

ಈಗ ನೀತಿ ಕೇಳಿ. ದೂರದ ಕಾಡಿನ ಹೆಸರು ಹೇಳಿ, ಒಂದೇ ಹಣ್ಣು ಎಲ್ಲ ರೋಗವನ್ನೂ ಕಳೆಯುತ್ತದೆ ಅನ್ನುವವನನ್ನು ನಂಬಬೇಡಿ. ಅವನ ಮಾತು ಕೇಳಿ ತಟ್ಟೆಯಲ್ಲಿರುವ ಅನ್ನ ಸೊಪ್ಪನ್ನು ಬಿಡಬೇಡಿ. ಮೈ ನಿಧಾನವಾಗಿ ಸುಧಾರಿಸುತ್ತದೆ, ಅದಕ್ಕೆ ಕಾಯಲೇಬೇಕು. ರಾಜ ಮಾಡಿದ ಅನ್ನುವ ಕಾರಣಕ್ಕೆ ತಪ್ಪನ್ನು ಊರೆಲ್ಲ ಮಾಡಬೇಡಿ.

ಕಥೆ ಆಯಿತು. ಏಳಿ, ಕೈ ತೊಳೆದುಕೊಂಡು ಊಟಕ್ಕೆ ಕೂತುಕೊಳ್ಳಿ. ಮಲ್ಲಾಜಿ ನಾಳೆಗೆ ಅಂತ ಬಿಟ್ಟುಹೋದ ಆ ಮೂರನೆಯ ತುತ್ತನ್ನು ನೀವು ಒಬ್ಬೊಬ್ಬರೂ ತಿನ್ನಿ.