ಕಷಾಯ ಕುಡಿಯಬೇಕಾದವರು

“ಗುರುಗಳೇ, ಒಬ್ಬ ಮನುಷ್ಯನಿಗೆ ಕಾಯಿಲೆ ಬಂದರೆ ಅವನಿಗೆ ಮದ್ದು ಕೊಡುತ್ತೇವೆ. ಇಡೀ ಪಟ್ಟಣವೇ ಕಾಯಿಲೆ ಬಿದ್ದರೆ ಮದ್ದು ಯಾರಿಗೆ ಕೊಡಬೇಕು?” ಎಂದು ಶಿಷ್ಯ ಕೇಳಿದ. ಮಠದಲ್ಲಿ ವೈದ್ಯವಿದ್ಯೆ ಕಲಿತು ಮುಗಿಸಿ, ಪಟ್ಟಣಕ್ಕೆ ಹೊರಟು ನಿಂತಿದ್ದ.

ಗುರುಗಳು ಅವನನ್ನು ಕೂರಿಸಿ ಹೇಳಿದರು:

ಒಂದು ಪಟ್ಟಣದಲ್ಲಿ ಬಟ್ಟೆಗೆ ಬಣ್ಣ ಹಾಕಿಸುವ ಒಬ್ಬ ಸಾಹುಕಾರನಿದ್ದ. ಮೇಲುಕೇರಿಯಲ್ಲಿ ಅವನ ಮನೆ, ಮನೆಯ ಹಿಂದೆ ಬಣ್ಣದ ತೊಟ್ಟಿಗಳು. ತೊಟ್ಟಿಯ ಹೊಲಸು ನೀರು ಕಾಲುವೆಗೆ ಬೀಳುತ್ತಿತ್ತು. ಕಾಲುವೆ ಕೆಳಗಿನ ಕೇರಿಗೆ ಹರಿಯುತ್ತಿತ್ತು. ಅಲ್ಲಿಯ ಜನ ಅದನ್ನೇ ಕುಡಿಯುತ್ತಿದ್ದರು. ಬೇರೆ ನೀರು ಎಲ್ಲಿತ್ತು ಅವರಿಗೆ? ಆ ಕೇರಿಯಲ್ಲಿ ಭೇದಿ ಬಿಟ್ಟ ಮನೆಯಿರಲಿಲ್ಲ. ಮೇಲಿನವರು “ಅವರಿಗೆ ಶುಚಿ ಗೊತ್ತಿಲ್ಲ” ಎಂದು ಮೂಗು ಮುರಿದು ಸುಮ್ಮನಾಗುತ್ತಿದ್ದರು.

ಸಾಹುಕಾರನಿಗೆ ಎಷ್ಟೋ ಕಾಲದ ಮೇಲೆ ಒಂದು ಗಂಡು ಕೂಸು ಹುಟ್ಟಿತು. ಅವನು ಹರಕೆ ಹೊರದ ದೇವರಿರಲಿಲ್ಲ. ಹೆಂಡತಿ ಎಂಥವಳು ಗೊತ್ತೇ? ಮೊಲೆ ಕೊಟ್ಟರೆ ಮೈಕಟ್ಟು ಹೋಗುತ್ತದೆ ಎಂದು ಕೂಸನ್ನು ಎದೆಗೇ ಹಚ್ಚಲಿಲ್ಲ. ಕೆಳಗಿನ ಕೇರಿಯಲ್ಲಿ ಚೌಡವ್ವ ಎಂಬ ಬಾಣಂತಿಯಿದ್ದಳು. ಅವಳು ಹಿತ್ತಲ ಬಾಗಿಲಿಂದ ಬಂದು ಹಾಲು ಕೊಟ್ಟು, ಹಿತ್ತಲ ಬಾಗಿಲಿಂದಲೇ ಹೋಗುತ್ತಿದ್ದಳು. ಯಾವ ಕೇರಿಯ ನೆರಳು ಸೋಕಿದರೆ ಮೇಲಿನವರು ಮೀಯುತ್ತಿದ್ದರೋ, ಆ ಕೇರಿಯ ಹಾಲು ಸಾಹುಕಾರನ ಮಗನ ಹೊಟ್ಟೆಗೆ ಇಳಿಯುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದವನು ಸಾಹುಕಾರ ಒಬ್ಬನೇ.

ಕೂಸಿಗೆ ಭೇದಿ ಹತ್ತಿತು. ಪಕ್ಕದ ಊರಿನ ಪಂಡಿತ ಬಂದ. ಹೊಟ್ಟೆ ಮುಟ್ಟಿ ನೋಡಿ, “ಮೊಲೆ ಕುಡಿಯುವ ಕೂಸಿಗೆ ಮದ್ದು ಹಾಕುವುದಿಲ್ಲ. ಹಾಲು ಕೊಡುವ ತಾಯಿ ಕಷಾಯ ಕುಡಿದು ಪಥ್ಯ ಹಿಡಿಯಬೇಕು. ಹುಳಿ, ಖಾರ, ಎಣ್ಣೆ ಬಿಟ್ಟು ಗಂಜಿ ಉಣ್ಣಲಿ” ಎಂದ.

ನಿಜ ಸಾಹುಕಾರನ ಬಾಯಿಯವರೆಗೆ ಬಂತು. ಮಾನ ಅದನ್ನು ಒಳಕ್ಕೆ ನೂಕಿತು. “ಆಗಲಿ” ಎಂದ.

ನೆಲಬೇವಿನ ಕಷಾಯವನ್ನು ಹೆಂಡತಿ ಕುಡಿದಳು. ಕುಡಿದು ಗೋಡೆಗೆ ಮುಖ ಮಾಡಿ ಮಲಗಿದಳು. ಪಥ್ಯದ ಗಂಜಿಯನ್ನೂ ಅವಳೇ ಉಂಡಳು. ಚೌಡವ್ವ ಎಂದಿನಂತೆ ಬಂದು ಹಾಲು ಕೊಟ್ಟು ಹೋದಳು. ಇಷ್ಟು ಚೆಂದದ ಪಥ್ಯ ಇನ್ನಾವ ಊರಲ್ಲೂ ನಡೆದಿರಲಿಕ್ಕಿಲ್ಲ. ಕೂಸಿನ ಕಣ್ಣುಗಳು ಗುಳಿಬಿದ್ದವು.

ಪಂಡಿತ ಮತ್ತೆ ಬಂದ. ತಾಯಿಯನ್ನು ನೋಡಿದ, ಕೂಸನ್ನು ನೋಡಿದ. “ನಿನ್ನ ಎದೆಯಲ್ಲಿ ಹಾಲೇ ಇಲ್ಲವಲ್ಲ, ತಾಯಿ. ಇದು ಕುಡಿಯುವುದು ಯಾರದು?” ಎಂದ. ಹಿತ್ತಲಲ್ಲಿ ನಿಂತಿದ್ದ ಚೌಡವ್ವನನ್ನು ಕರೆಯದೆ ಗತಿಯಿರಲಿಲ್ಲ. ಪಂಡಿತ ಕಷಾಯದ ಬಟ್ಟಲನ್ನು ಅವಳತ್ತ ಚಾಚಿದವನು ಅವಳ ನಾಲಿಗೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

“ನಿನಗೂ ಭೇದಿಯೇ?”

“ನಮ್ಮ ಕೇರ್ಯಾಗ ಯಾರಿಗಿಲ್ಲ ಹೇಳ್ರಿ. ನನ್ನ ಕೂಸಿಗೂ ಐತ್ರಿ.”

“ಯಾವ ನೀರು ಕುಡಿಯುತ್ತೀ?”

“ಕಾಲುವೀದ್ರಿ. ಒಂದಿನ ಕೆಂಪು ಬರ್ತೈತಿ, ಒಂದಿನ ನೀಲಿ. ಸಾವ್ಕಾರ್ರ ತೊಟ್ಯಾಗ ಇವತ್ತ ಯಾವ ಸೀರಿ ಮುಳುಗೈತಿ ಅನ್ನೋದು ಪ್ಯಾಟಿಗಿಂತ ಮೊದಲ ನಮಗ ಗೊತ್ತಾಗ್ತೈತ್ರಿ.”

ಪಂಡಿತ ಬಟ್ಟಲನ್ನು ಸಾಹುಕಾರನ ಮುಂದೆ ಇಟ್ಟ. “ನೀವು ಕುಡಿಯಿರಿ” ಎಂದ.

“ನನಗೇನಾಗಿದೆ ರೋಗ? ಕಲ್ಲು ತಿಂದರೂ ಕರಗಿಸುತ್ತೇನೆ.”

“ಕಾಲು ನೊಂದರೂ ಕಹಿ ನುಂಗುವುದು ಬಾಯಿಯೇ ಅಲ್ಲವೇ? ಊರೂ ಒಂದು ಮೈ. ಕೂಸಿಗೆ ಹಾಲು ಕೊಡುವವಳು ಇವಳು. ಇವಳಿಗೆ ನೀರು ಕೊಡುವವರು ನೀವು. ಪಥ್ಯ ನಿಮ್ಮದು. ತೊಟ್ಟಿಯ ನೀರನ್ನು ಕಾಲುವೆಗೆ ಬಿಡಬೇಡಿ.”

ಮದುವೆಗಳ ಕಾಲ ಅದು. ಸಾಹುಕಾರನಿಗೆ ತೊಟ್ಟಿ ನಿಲ್ಲಿಸಲು ಮನಸ್ಸಾಗಲಿಲ್ಲ. ಅವನು ಒಂದು ಸುಲಭದ ದಾರಿ ಕಂಡುಕೊಂಡ. ಚೌಡವ್ವನನ್ನು ತನ್ನ ಮನೆಯಲ್ಲೇ ಇರಿಸಿಕೊಂಡ. ಅವಳಿಗೆ ತನ್ನ ಬಾವಿಯ ಸಿಹಿನೀರು ಕೊಡಿಸಿದ, ಬಿಸಿ ಅನ್ನ, ತುಪ್ಪ ಹಾಕಿಸಿದ. ಅವಳು “ನನ್ನ ಕೂಸು?” ಎಂದಳು. “ಅದನ್ನು ಇಲ್ಲಿಗೆ ತಂದರೆ ನನ್ನ ಮಗನಿಗೆ ಅಂಟುತ್ತದೆ. ನಿನ್ನ ಅತ್ತೆ ನೋಡಿಕೊಳ್ಳುತ್ತಾಳೆ” ಎಂದ.

ಸಾಹುಕಾರನ ಮಗ ಚೇತರಿಸಿಕೊಂಡ. ತೊಟ್ಟಿಗಳು ನಡೆದವು. ಸಾಹುಕಾರ ಮೀಸೆ ತಿರುವಿದ. ಪಂಡಿತನ ಬಟ್ಟಲು ಅಡುಗೆಮನೆಯ ಗೂಡಿನಲ್ಲಿ ಧೂಳು ಹಿಡಿಯಿತು.

ಕೆಳಗಿನ ಕೇರಿಯಲ್ಲಿ ಚೌಡವ್ವನ ಕೂಸು ಹಾಲಿಲ್ಲದೆ, ಕಾಲುವೆಯ ನೀರಿನಲ್ಲಿ ಕಾಯಿಸಿದ ಗಂಜಿ ಕುಡಿದು ಸತ್ತಿತು.

ಸುದ್ದಿ ಬಂದಾಗ ಅವಳು ಅಳಲಿಲ್ಲ. ಸಾಹುಕಾರನ ಮಗನನ್ನು ಎದೆಗೆ ಹಚ್ಚಿಕೊಂಡೇ ಕೂತಳು. ಹಾಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಕೂಸು ಚೀಪಿ ಚೀಪಿ ಸೋತು ಕಿರುಚಿತು. ಹಸುವಿನ ಹಾಲು ಅದರ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬೇರೆ ಬಾಣಂತಿಯರಿಗೆ ಹೇಳಿ ಕಳಿಸಿದರೆ ಕೆಳಗಿನ ಕೇರಿಯ ಒಂದು ಬಾಗಿಲೂ ತೆರೆಯಲಿಲ್ಲ.

ಸಾಹುಕಾರ ಚಪ್ಪಲಿ ಮೆಟ್ಟುವುದನ್ನೂ ಮರೆತು ಪಂಡಿತನ ಮನೆಗೆ ಓಡಿದ. “ಹಾಲು ಬರುವ ಮದ್ದು ಕೊಡಿ. ಏನು ಕೇಳಿದರೂ ಕೊಡುತ್ತೇನೆ” ಎಂದು ಕಾಲು ಹಿಡಿದ.

“ಕೊಟ್ಟಾಗಿದೆ. ನಿಮ್ಮ ಮನೆಯಲ್ಲೇ ಇದೆ” ಎಂದ ಪಂಡಿತ.

ಸಾಹುಕಾರ ಮನೆಗೆ ಬಂದು ತೊಟ್ಟಿಗಳ ತೂಬು ಕಲ್ಲಿಟ್ಟು ಮುಚ್ಚಿಸಿದ. ನೆಲಬೇವು ಕುದಿಸಿದ. ಚೌಡವ್ವನ ಎದುರು ನೆಲದ ಮೇಲೆ ಕೂತು ಬಟ್ಟಲು ಬರಿದು ಮಾಡಿದ. ಅವಳು ನೋಡಿದಳು. ಎದ್ದು ತನ್ನ ಕೇರಿಗೆ ಹೋದಳು. ಅಂದು ಕಾಲುವೆಯಲ್ಲಿ ಬಣ್ಣವಿಲ್ಲದ ನೀರು ಬಂದದ್ದನ್ನು ಕೆಳಗಿನವರು ಕಂಡರು. ಸಂಜೆ ಅಲ್ಲಿಯ ಬಾಣಂತಿಯೊಬ್ಬಳು ಸಾಹುಕಾರನ ಮನೆಯ ತಲೆಬಾಗಿಲಿಂದ ಒಳಗೆ ಬಂದು ಕೂಸನ್ನು ಎತ್ತಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪೇರಿತ್ತು.

“ಎಂಥ ಕಟುಕ! ಒಂದು ಕೂಸು ಸಾಯುವ ತನಕ ಅವನಿಗೆ ಬುದ್ಧಿ ಬರಲಿಲ್ಲ. ಅಂಥವನ ಮನೆಯ ಒಂದು ನೂಲನ್ನೂ ಮುಟ್ಟಬಾರದು” ಎಂದ.

“ನಾವಿಬ್ಬರೂ ಉಟ್ಟಿರುವ ಈ ಕಾವಿ ಅವನ ತೊಟ್ಟಿಯಲ್ಲೇ ಅದ್ದಿದ್ದು, ಮಗೂ” ಎಂದರು ಗುರುಗಳು.